‘ಅಮ್ಮ’ ಬರುತ್ತದೆ, ‘ಅಪ್ಪ’ ಬರುವುದಿಲ್ಲ: ಸೀಳು ಅಂಗುಳದ ಮಕ್ಕಳಿಗೆ ಮಾತು ಕಲಿಸುವ ಬಗೆ

ಸೀಳು ಅಂಗುಳದೊಂದಿಗೆ ಹುಟ್ಟಿದ ಮಗು ಮಾತು ಕಲಿಯತೊಡಗಿದ ಮನೆಯಲ್ಲಿ ನೆಂಟಸ್ತಿಕೆಯ ಪಟ್ಟಿ ಎರಡು ಪಾಲಾಗುತ್ತದೆ. ಅಮ್ಮ, ಅಣ್ಣ, ಮಾಮ ಸಲೀಸಾಗಿ ಬರುತ್ತಾರೆ. ಅಪ್ಪ, ಅಕ್ಕ, ಅಜ್ಜಿ, ತಾತ, ಅತ್ತೆ, ಚಿಕ್ಕಪ್ಪ ಬರುವುದಿಲ್ಲ. ಮಗು ಅಪ್ಪನನ್ನು ಕರೆದರೂ ‘ಅಮ್ಮ’ ಎಂದೇ ಕೇಳಿಸುತ್ತದೆ. ಇಲ್ಲವೇ ನಡುವೆ ಗಂಟಲು ಕಟ್ಟಿದ ಹಾಗೆ ‘ಅ–ಅ’ ಎನ್ನುತ್ತದೆ. ಆಪರೇಷನ್ ಆಗಿದೆ, ಹೊಲಿಗೆ ಒಣಗಿದೆ, ಅಂಗುಳ ಕೂಡಿಕೊಂಡಿದೆ. ಆದರೂ ಮಾತು ಮಾತ್ರ ಮೂಗಿನಲ್ಲೇ. ಈ ಹೊತ್ತಿಗೆ ಮನೆಗೆ ಬಂದ ಒಬ್ಬರು ಬಲೂನ್ ಊದಿಸಿ ಎನ್ನುತ್ತಾರೆ, ಇನ್ನೊಬ್ಬರು ಬಜೆ ತೇಯ್ದು ನಾಲಿಗೆಗೆ ಹಚ್ಚಿ ಎನ್ನುತ್ತಾರೆ, ಮತ್ತೊಬ್ಬರು ದೊಡ್ಡವನಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ ಬಿಡಿ ಎಂದು ಸಮಾಧಾನ ಹೇಳುತ್ತಾರೆ.

ಮೂರೂ ಕೆಲಸಕ್ಕೆ ಬಾರದ ಸಲಹೆಗಳು. ಯಾಕೆ ಎಂದು ತಿಳಿಯಬೇಕಾದರೆ ಬಾಯಿ–ಮೂಗುಗಳ ನಡುವಿನ ಬಾಗಿಲೊಂದರ ಪರಿಚಯ ಬೇಕು.

ಗಾಳಿ ಹೋಗುವ ದಾರಿ

ಅಂಗುಳದ ಮುಂಭಾಗ ಗಟ್ಟಿ, ಹಿಂಭಾಗ ಮೆತ್ತಗೆ. ಕಿರುನಾಲಿಗೆ ಜೋತುಬಿದ್ದಿರುವ ಆ ಮೆತ್ತನೆಯ ಭಾಗ ನಾವು ಮಾತಾಡುವಾಗ ಮೇಲೆದ್ದು ಹಿಂದಕ್ಕೆ ಸರಿದು ಗಂಟಲಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಆಗ ಮೂಗಿನ ದಾರಿ ಮುಚ್ಚಿ ಗಾಳಿಯೆಲ್ಲ ಬಾಯಿಗೆ ಬರುತ್ತದೆ. ಪ, ಬ, ತ, ದ, ಟ, ಡ, ಕ, ಗ, ಚ, ಜ, ಸ, ಶ – ಇವೆಲ್ಲ ಬಾಯೊಳಗೆ ಗಾಳಿಯ ಒತ್ತಡ ಕಟ್ಟಿದರೆ ಮಾತ್ರ ಹುಟ್ಟುವ ಸದ್ದುಗಳು. ಮ, ನ, ಣ ಹೇಳುವಾಗ ಅದೇ ಬಾಗಿಲು ತೆರೆದಿರಬೇಕು. ಶಾಲೆಯಲ್ಲಿ ಬಾಯಿಪಾಠ ಮಾಡಿದ ವರ್ಗಾಕ್ಷರಗಳನ್ನು ನೆನಪಿಸಿಕೊಳ್ಳಿ. ಪ ಫ ಬ ಭ ಮ ಎಂಬ ಸಾಲಿನಲ್ಲಿ ಐದಕ್ಕೂ ತುಟಿಯ ಕೆಲಸ ಒಂದೇ. ಕೊನೆಯದಕ್ಕೆ ಮಾತ್ರ ಮೂಗಿನ ಬಾಗಿಲು ತೆರೆಯುತ್ತದೆ. ಬಾಗಿಲು ಮುಚ್ಚದ ಮಗುವಿನ ಬಾಯಲ್ಲಿ ಸಾಲಿನ ಕೊನೆಯ ಅಕ್ಷರ ಉಳಿದವನ್ನೆಲ್ಲ ನುಂಗಿಬಿಡುತ್ತದೆ. ಹಾಗಾಗಿ ‘ಬಾ’ ಎಂದದ್ದು ‘ಮಾ’, ‘ದಾರ’ ಎಂದದ್ದು ‘ನಾರ’. ಮನು ಎಂದು ಹೆಸರಿಟ್ಟ ಮಗು ತನ್ನ ಹೆಸರನ್ನು ತೊಂದರೆಯಿಲ್ಲದೆ ಹೇಳಿಕೊಂಡೀತು. ಪ್ರದೀಪನಿಗೆ ತನ್ನ ಹೆಸರೇ ಕಷ್ಟ.

ಜಗತ್ತಿನಲ್ಲಿ ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ತುಟಿಯಲ್ಲೋ ಅಂಗುಳದಲ್ಲೋ ಎರಡರಲ್ಲೋ ಸೀಳು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ಗರ್ಭದ ಮೊದಲ ಮೂರು ತಿಂಗಳೊಳಗೆ ಎರಡು ಬದಿಯಿಂದ ಬೆಳೆದುಬಂದು ಬೆಸೆದುಕೊಳ್ಳಬೇಕಾದ ಅಂಗಾಂಶ ಬೆಸೆಯದೆ ಉಳಿದರೆ ಹೀಗಾಗುತ್ತದೆ. ಗ್ರಹಣದ ದಿನ ಬಸುರಿ ಈಳಿಗೆಮಣೆ ಮುಟ್ಟಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಮಾತಿನಿಂದ ಇಂದಿಗೂ ತಾಯಂದಿರು ತಮ್ಮನ್ನೇ ಹಳಿದುಕೊಳ್ಳುವುದರಿಂದ ಇದನ್ನು ಇಲ್ಲಿ ಹೇಳಬೇಕಾಯಿತು.

ಎರಡು ಬಗೆಯ ದೋಷ, ಎರಡು ಬಗೆಯ ಪರಿಹಾರ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸೀಳು ಅಂಗುಳದ ಮಾತಿನಲ್ಲಿ ಎರಡು ತೊಂದರೆಗಳು ಬೆರೆತಿರುತ್ತವೆ.

ಮೊದಲನೆಯದು ಸೋರಿಕೆ. ಶಸ್ತ್ರಚಿಕಿತ್ಸೆಯ ನಂತರವೂ ಮೆತ್ತನೆಯ ಅಂಗುಳ ಗಿಡ್ಡವಾಗಿ ಉಳಿದರೆ ಅಥವಾ ಸಾಕಷ್ಟು ಮೇಲೇಳದಿದ್ದರೆ ಗಾಳಿ ಮೂಗಿಗೆ ಹೋಗುತ್ತಲೇ ಇರುತ್ತದೆ. ಸ್ವರಗಳೂ ಮೂಗಿನಲ್ಲಿ ಮೊಳಗುತ್ತವೆ, ವ್ಯಂಜನಗಳು ಪೇಲವವಾಗುತ್ತವೆ. ಇದು ರಚನೆಯ ದೋಷ. ಇದನ್ನು ಸರಿಪಡಿಸಬೇಕಾದವರು ಶಸ್ತ್ರಚಿಕಿತ್ಸಕರು. ಕೆಲವು ಸಂದರ್ಭಗಳಲ್ಲಿ ಅಂಗುಳಕ್ಕೆ ಹೊಂದುವ ಕೃತಕ ಸಾಧನ ಮಾಡಿಕೊಡುವ ದಂತವೈದ್ಯರು. ಪಂಕ್ಚರ್ ಆದ ಟ್ಯೂಬಿಗೆ ಎಷ್ಟು ಪಂಪ್ ಹೊಡೆದರೂ ಗಾಳಿ ನಿಲ್ಲದು. ಈ ಸ್ಥಿತಿಯಲ್ಲಿ ವರ್ಷಗಟ್ಟಲೆ ಥೆರಪಿ ಕೊಡಿಸಿದರೂ ಮೂಗಿನ ಧ್ವನಿ ಹೋಗುವುದಿಲ್ಲ.

ಎರಡನೆಯದು ಅಭ್ಯಾಸ. ಬಾಯಲ್ಲಿ ಒತ್ತಡ ಕಟ್ಟಲಾಗದ ದಿನಗಳಲ್ಲಿ ಮಗು ಸುಮ್ಮನೆ ಕೂರುವುದಿಲ್ಲ. ಸೋರುವ ಜಾಗಕ್ಕಿಂತ ಕೆಳಗೇ, ಗಂಟಲಿನಲ್ಲೇ ಗಾಳಿಯನ್ನು ತಡೆದು ಬಿಟ್ಟು ಒಂದು ಸದ್ದು ಮಾಡಿಕೊಳ್ಳುತ್ತದೆ. ಕೆಮ್ಮುವ ಮುನ್ನ ಗಂಟಲು ಒಮ್ಮೆ ಬಿಗಿದುಕೊಳ್ಳುತ್ತದಲ್ಲ, ಆ ಬಿಗಿತವೇ ಪ, ತ, ಕ ಎಲ್ಲದಕ್ಕೂ ಬದಲಿಯಾಗುತ್ತದೆ. ಕೆಲವು ಮಕ್ಕಳು ತುಟಿಯನ್ನೂ ಮುಚ್ಚುತ್ತಾರೆ, ನೋಡಿದವರಿಗೆ ‘ಪ’ ಅಂದಂತೆಯೇ ಕಾಣುತ್ತದೆ, ಸದ್ದು ಮಾತ್ರ ಗಂಟಲಿನದು. ‘ಸ’ಕ್ಕೆ ಬದಲಾಗಿ ಮೂಗಿನಿಂದ ಸುಸ್ ಎಂದು ಗಾಳಿ ಬಿಡುವುದೂ ಇದೇ ಜಾತಿಯದು. ಆಪರೇಷನ್ ಆಗಿ ಬಾಗಿಲು ಸರಿಯಾಗಿ ಮುಚ್ಚತೊಡಗಿದ ಮೇಲೂ ಈ ಅಭ್ಯಾಸ ಹಾಗೇ ಉಳಿಯುತ್ತದೆ, ಏಕೆಂದರೆ ಮಗು ‘ಅಪ್ಪ’ ಎಂಬುದನ್ನು ಹಾಗೆಯೇ ಕಲಿತಿದೆ. ಕತ್ತರಿ ಸೂಜಿಗಳಿಗೆ ಇದು ಸಿಗದು. ಇದು ವಾಕ್ ಚಿಕಿತ್ಸೆಯ ಕೆಲಸ, ಮತ್ತು ಇಲ್ಲಿ ಚಿಕಿತ್ಸೆ ನಿಜವಾಗಿಯೂ ಫಲ ಕೊಡುತ್ತದೆ.

ನಿಮ್ಮ ಮಗುವಿನಲ್ಲಿ ಯಾವುದು ಎಷ್ಟಿದೆ ಎಂದು ಅಳೆದು ಹೇಳದೆ ಶುರುವಾಗುವ ಥೆರಪಿಯನ್ನು ನಾನಂತೂ ನಂಬುವುದಿಲ್ಲ.

ಮನೆಯಲ್ಲೇ ನೋಡಬಹುದಾದ ಗುರುತುಗಳು

ಇವು ರೋಗನಿರ್ಣಯವಲ್ಲ. ವೈದ್ಯರ ಹತ್ತಿರ ಹೋದಾಗ ಸ್ಪಷ್ಟವಾಗಿ ಹೇಳಲು ನಿಮಗೆ ನೆರವಾಗುತ್ತವೆ, ಅಷ್ಟೆ. ನೆಗಡಿಯಿಲ್ಲದ ದಿನ ನೋಡಿ.

1. ಕನ್ನಡಿ. ಚಿಕ್ಕ ಕನ್ನಡಿಯನ್ನು ಅಥವಾ ತಣ್ಣಗಿನ ಸ್ಟೀಲ್ ಚಮಚವನ್ನು ಮಗುವಿನ ಮೂಗಿನ ಹೊಳ್ಳೆಯ ಕೆಳಗೆ ಹಿಡಿದು ‘ಪಾಪಾಪಾ’, ‘ತಾತಾತಾ’, ‘ಸಾಸಾಸಾ’ ಹೇಳಿಸಿ. ಹೇಳುತ್ತಿರುವಾಗಲೇ ಕನ್ನಡಿ ಮಂಜಾದರೆ ಗಾಳಿ ಸೋರುತ್ತಿದೆ. ಹೇಳಿ ಮುಗಿದ ಕೂಡಲೇ ಕನ್ನಡಿ ತೆಗೆಯಬೇಕು. ಇಲ್ಲವಾದರೆ ಮಗು ಬಿಡುವ ಉಸಿರಿಗೇ ಮಂಜಾಗಿ ದಾರಿ ತಪ್ಪಿಸುತ್ತದೆ.

2. ಮೂಗು ಹಿಡಿದು, ಬಿಟ್ಟು. ಮೂಗಿನ ಅಕ್ಷರವೇ ಇಲ್ಲದ ವಾಕ್ಯ ಹೇಳಿಸಿ: ‘ಅಜ್ಜಿ ರೊಟ್ಟಿ ಸುಟ್ಟಳು’, ‘ಅಪ್ಪ ಕಬ್ಬು ಕಡಿದ’. ಒಮ್ಮೆ ಹಾಗೇ, ಒಮ್ಮೆ ಮೂಗನ್ನು ಮೆಲ್ಲಗೆ ಹಿಡಿದು. ಎರಡೂ ಒಂದೇ ತೆರ ಕೇಳಿಸಬೇಕು. ಮೂಗು ಹಿಡಿದಾಗ ಧ್ವನಿ ಬದಲಾದರೆ ಅಥವಾ ಅಕ್ಷರಗಳು ಗಟ್ಟಿಯಾದರೆ ಸೋರಿಕೆ ಇದೆ. ‘ನಮ್ಮಮ್ಮನ ಮನೆ’ ಎಂದು ಹೇಳಿಸಿ ಹೀಗೆ ಮಾಡಿದರೆ ಯಾರ ಧ್ವನಿಯಾದರೂ ಕಟ್ಟಿಕೊಳ್ಳುತ್ತದೆ, ಅದು ದೋಷವಲ್ಲ.

3. ಯಾವ ಅಕ್ಷರದಲ್ಲಿ? ಪ, ತ, ಕ ಚೆನ್ನಾಗಿದ್ದು ‘ಸ’ ಅಥವಾ ‘ಶ’ದಲ್ಲಿ ಮಾತ್ರ ಗಾಳಿ ಮೂಗಿಗೆ ಹೋಗುತ್ತಿದ್ದರೆ ಅದು ಬಹುತೇಕ ತಪ್ಪಾಗಿ ಕಲಿತ ಅಭ್ಯಾಸ. ಬಾಗಿಲು ಮುಚ್ಚಬಲ್ಲುದು ಎಂಬುದನ್ನು ಬೇರೆ ಅಕ್ಷರಗಳೇ ತೋರಿಸಿಕೊಟ್ಟಿವೆ. ಇಂಥ ಮಗುವಿಗೆ ಇನ್ನೊಂದು ಆಪರೇಷನ್ ಎಂದು ಯಾರಾದರೂ ಅವಸರಪಡಿಸಿದರೆ, ಮೊದಲು ವಾಕ್ ಚಿಕಿತ್ಸಕರ ಅಭಿಪ್ರಾಯ ಕೇಳಿ.

4. ಸೀಳೇ ಕಾಣದಿದ್ದರೂ ಮಾತು ಮೂಗಿನಲ್ಲಿದ್ದರೆ ಬಾಯಿ ಅಗಲ ತೆರೆಸಿ ಟಾರ್ಚ್ ಬಿಟ್ಟು ನೋಡಿ. ಕಿರುನಾಲಿಗೆ ಎರಡಾಗಿ ಕವಲೊಡೆದಿದ್ದರೆ, ಅಂಗುಳದ ನಡುಗೆರೆ ತೆಳ್ಳಗೆ ನೀಲಿ ಛಾಯೆಯಲ್ಲಿದ್ದರೆ, ಮೇಲಿನ ಪೊರೆ ಕೂಡಿದ್ದು ಒಳಗಿನ ಸ್ನಾಯು ಕೂಡದ ಗುಪ್ತ ಸೀಳು ಇರಬಹುದು. ಎಷ್ಟೋ ಮಕ್ಕಳಲ್ಲಿ ಇದು ಶಾಲೆ ಸೇರುವವರೆಗೂ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಆಸ್ಪತ್ರೆಯಲ್ಲಿ ಮೂಗಿನ ಮೂಲಕ ತೆಳುವಾದ ಎಂಡೋಸ್ಕೋಪ್ ಇಳಿಸಿ, ಮಗು ಮಾತಾಡುತ್ತಿರುವಾಗಲೇ ಬಾಗಿಲು ಎಷ್ಟು ಮುಚ್ಚುತ್ತದೆ ಎಂದು ಕಣ್ಣಾರೆ ನೋಡುತ್ತಾರೆ. ಮೂಗಿನ ಮತ್ತು ಬಾಯಿಯ ಧ್ವನಿಯ ಪ್ರಮಾಣ ಅಳೆಯುವ ನೇಸೋಮೀಟರ್ ಎಂಬ ಉಪಕರಣವೂ ಇದೆ. ಎಂಡೋಸ್ಕೋಪಿಗೆ ಮಗು ಹೇಳಿದಂತೆ ಮಾತಾಡಿ ಸಹಕರಿಸಬೇಕಾದ್ದರಿಂದ ತೀರಾ ಎಳೆಯ ಮಕ್ಕಳಲ್ಲಿ ಕಷ್ಟ. ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಮಾಡುತ್ತಾರೆ.

ಆಪರೇಷನ್‌ಗೂ ಮುಂಚೆ

ಅಂಗುಳದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 9ರಿಂದ 18 ತಿಂಗಳ ನಡುವೆ, ಅಂದರೆ ಮಾತು ಗಟ್ಟಿಯಾಗಿ ಶುರುವಾಗುವ ಮುನ್ನ ಮಾಡುತ್ತಾರೆ. ಅಲ್ಲಿಯವರೆಗೆ ಕಾಯುತ್ತ ಕೂರಬೇಕಿಲ್ಲ. ಮಗುವಿಗೆ ಈಗ ಸುಲಭವಾದ ಮ, ನ, ಲ, ವ, ಯ, ಹ ಇರುವ ಮಾತುಗಳನ್ನು ಹೇರಳವಾಗಿ ಆಡಿ: ಅಮ್ಮ, ಮಾಮ, ಹಾಲು, ಹೂವು, ಎಲೆ, ನಾಯಿ, ಮಳೆ. ಪದಸಂಪತ್ತು ಬೆಳೆಯಲಿ. ಪ, ಬ ಸದ್ದುಗಳನ್ನು ನೀವು ಮಾಡಿ ತೋರಿಸುತ್ತಿರಿ, ಮಗು ತುಟಿ ಮುಚ್ಚಿ ಪ್ರಯತ್ನಿಸಿದರೆ ಸಾಕು, ಮೂಗಿನಲ್ಲಿ ಬಂದರೂ ಮೆಚ್ಚಿಕೊಳ್ಳಿ. ಅದೇ ಮಗು ಗಂಟಲಿನಲ್ಲಿ ಗುರುಗುಟ್ಟಿದಾಗ ಮನೆಯವರೆಲ್ಲ ನಕ್ಕು ಅದನ್ನೇ ತಿರುಗಿ ಮಾಡಿ ತೋರಿಸುವ ಆಟ ಬೇಡ. ನೀವು ಮೆಚ್ಚಿದ್ದನ್ನು ಮಗು ಮತ್ತೆ ಮತ್ತೆ ಮಾಡುತ್ತದೆ. ಮುಂದೆ ಬಿಡಿಸಬೇಕಾಗುವುದು ಅದನ್ನೇ.

ಆಪರೇಷನ್ ನಂತರ ಸದ್ದಿನ ಅಭ್ಯಾಸ ಎಂದು ಶುರುಮಾಡಬಹುದೆಂದು ಶಸ್ತ್ರಚಿಕಿತ್ಸಕರನ್ನೇ ಕೇಳಿ. ಹೆಚ್ಚಿನವರು ಗಾಯ ಮಾಯಲು ಕೆಲವು ವಾರ ಬಿಡಲು ಹೇಳುತ್ತಾರೆ.

ಅಭ್ಯಾಸದ ಮೆಟ್ಟಿಲುಗಳು: ‘ಪ’ದಿಂದ ಆರಂಭ

‘ಪ’ದಿಂದಲೇ ಯಾಕೆ? ತುಟಿ ಮಗುವಿಗೆ ಕಾಣುತ್ತದೆ, ಕನ್ನಡಿಯಲ್ಲೂ ಕಾಣುತ್ತದೆ. ‘ಕ’ ಹುಟ್ಟುವ ಜಾಗ ಯಾರಿಗೂ ಕಾಣದು, ಅದನ್ನು ಕೊನೆಗೆ ಇಟ್ಟುಕೊಳ್ಳಬಹುದು. ‘ಬ’ಗಿಂತ ‘ಪ’ ಮೊದಲು, ಏಕೆಂದರೆ ‘ಬ’ದಲ್ಲಿ ಧ್ವನಿತಂತು ಕೆಲಸ ಮಾಡುತ್ತದೆ, ಗಂಟಲು ಬಿಗಿಯುವ ಚಟವಿರುವ ಮಗುವಿಗೆ ಆರಂಭದಲ್ಲಿ ಅದು ಅಪಾಯದ ಜಾಗ. ಕೆಳಗಿನ ಕ್ರಮವನ್ನು ನಿಮ್ಮ ಚಿಕಿತ್ಸಕರಿಗೆ ತೋರಿಸಿ, ಅವರು ಹೇಳಿದ ಬದಲಾವಣೆಯೊಂದಿಗೆ ಮನೆಯಲ್ಲಿ ನಡೆಸಿ.

1. ಮೊದಲು ಕಿವಿಗೆ. ನೀವೇ ಎರಡು ಬಗೆಯಲ್ಲಿ ಹೇಳಿ: ತುಟಿಯಿಂದ ‘ಪಾ’, ಗಂಟಲಿನಿಂದ ಕಡಿದಂತೆ ‘ಆ’. ತುಟಿಯದು ಕೇಳಿದಾಗ ಮಗು ಬಟ್ಟಲಿಗೆ ಒಂದು ಹುಣಸೆಬೀಜ ಹಾಕಲಿ. ವ್ಯತ್ಯಾಸ ಕೇಳಿಸದ ಮಗುವಿಗೆ ಅದನ್ನು ನುಡಿಯಲೂ ಬರುವುದಿಲ್ಲ. ಈ ಮೆಟ್ಟಿಲನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು.

2. ಪಿಸುಮಾತಿನಲ್ಲಿ. ಗಂಟಲು ತೆರೆದಿದ್ದರೆ ಅಲ್ಲಿ ಗಾಳಿ ತಡೆಯಲಾಗದು. ಆದ್ದರಿಂದ ಮಗು ಮೊದಲು ಉದ್ದಕ್ಕೆ ‘ಹ್ಹ್ಹ್’ ಎಂದು ಮೆತ್ತಗೆ ಉಸಿರು ಬಿಡಲಿ. ಉಸಿರು ಹೋಗುತ್ತಿರುವಾಗಲೇ ತುಟಿ ಹಗುರಾಗಿ ಮುಚ್ಚಿ ತೆರೆಯಲಿ. ಬರುವುದು ಪಿಸುಗುಟ್ಟಿದ ‘ಪ್’. ತುಟಿಯ ಮುಂದೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿ ಹಿಡಿದರೆ ಅದು ಅಲುಗುವುದು ಕಾಣುತ್ತದೆ. ಆರಂಭದ ಕೆಲವು ಸಲ ಮೂಗನ್ನು ಮೆಲ್ಲಗೆ ಹಿಡಿದು ಹೇಳಿಸಿದರೆ ಬಾಯಲ್ಲಿ ಒತ್ತಡ ಎಂದರೆ ಹೇಗಿರುತ್ತದೆ ಎಂಬ ಅನುಭವ ಮಗುವಿಗೆ ಸಿಗುತ್ತದೆ; ಆಮೇಲೆ ಕೈ ಬಿಡಿ.

3. ಮಹಾಪ್ರಾಣದ ನೆರವು. ಈಗ ಸ್ವರ ಸೇರಿಸಬೇಕು. ನೇರವಾಗಿ ‘ಪಾ’ ಹೇಳಿಸಿದರೆ ಗಂಟಲು ಮತ್ತೆ ಬಿಗಿಯುತ್ತದೆ. ‘ಪ್‌ಹಾ’ ಹೇಳಿಸಿ. ನಡುವೆ ಹಕಾರ ಇದ್ದರೆ ಗಂಟಲು ಬಿಗಿಯಲು ಸಮಯವೇ ಸಿಗುವುದಿಲ್ಲ. ಹಳೆಯ ಮೇಷ್ಟ್ರುಗಳು ಒತ್ತಿ ಹೇಳಿಸುತ್ತಿದ್ದ ಮಹಾಪ್ರಾಣ ಇಲ್ಲಿ ಚಿಕಿತ್ಸೆಯಾಗಿ ಒದಗುತ್ತದೆ. ‘ಪ್‌ಹಾ’ ಗಟ್ಟಿಯಾದ ಮೇಲೆ ಹಕಾರವನ್ನು ದಿನದಿನಕ್ಕೆ ಕಡಿಮೆ ಮಾಡಿ.

4. ಕಾಗುಣಿತ. ಪಾ, ಪಿ, ಪೀ, ಪು, ಪೂ, ಪೆ, ಪೇ, ಪೊ, ಪೋ. ಬೇರೆ ಭಾಷೆಯ ಚಿಕಿತ್ಸಕರು ಕೂತು ತಯಾರಿಸುವ ಪಟ್ಟಿ ನಮಗೆ ಸಿದ್ಧವಾಗಿಯೇ ಸಿಕ್ಕಿದೆ. ‘ಪಂ’ ಮಾತ್ರ ಬಿಟ್ಟುಬಿಡಿ, ಅದರಲ್ಲಿ ಮೂಗಿನ ಸದ್ದಿದೆ.

5. ಪದಗಳು. ‘ಪ’ದ ಜೊತೆಗೆ ಮಗುವಿಗೆ ಈಗಾಗಲೇ ಬರುವ ಸದ್ದುಗಳೇ ಇರುವ ಪದ ಆರಿಸಿ: ಅಪ್ಪ, ಪಾಪು, ಉಪ್ಪು, ಹಪ್ಪಳ, ಪಲ್ಯ. ಪೆನ್ನು, ಪಂಪು ಬೇಡ, ಮೂಗಿನ ಸದ್ದು ಪಕ್ಕದ ‘ಪ’ವನ್ನೂ ಎಳೆದುಕೊಂಡು ಹೋಗುತ್ತದೆ. ಕಪ್ಪೆ, ಚಪ್ಪಲಿ ಕೂಡ ಈಗ ಬೇಡ. ಒಂದು ಹೊಸ ಸದ್ದು ಕಲಿಯುವಾಗ ಇನ್ನೊಂದು ಬಾರದ ಸದ್ದನ್ನು ತಂದಿಟ್ಟರೆ ಎರಡೂ ಕೆಡುತ್ತವೆ. ‘ಅಪ್ಪ’ದಂಥ ಒತ್ತಕ್ಷರದಲ್ಲಿ ತುಟಿ ಮುಚ್ಚಿ ಗಾಳಿಯನ್ನು ಒಂದು ಗಳಿಗೆ ಹಿಡಿದು ನಿಲ್ಲಿಸಬೇಕು. ಆದ್ದರಿಂದ ಮೊದಲು ‘ಪಾಪು’, ಆಮೇಲೆ ‘ಅಪ್ಪ’.

6. ಸಣ್ಣ ವಾಕ್ಯಗಳು. ‘ಅಪ್ಪ ಎಲ್ಲಿ?’, ‘ಪಲ್ಯ ಇಲ್ಲಿ’, ‘ಉಪ್ಪು ಇಲ್ಲ’. ಊಟದ ಹೊತ್ತಿನಲ್ಲಿ ಇವು ಸಹಜವಾಗಿಯೇ ಬರುತ್ತವೆ.

7. ದಿನದ ಮಾತು. ಇಡೀ ದಿನ ತಿದ್ದುತ್ತ ಹಿಂದೆ ಬೀಳಬೇಡಿ. ಒಂದು ಹೊತ್ತು ಗೊತ್ತುಮಾಡಿ, ಉದಾಹರಣೆಗೆ ರಾತ್ರಿ ಊಟದ ಹತ್ತು ನಿಮಿಷ. ಆ ಹೊತ್ತಿನಲ್ಲಿ ಕಲಿತ ‘ಪ’ ಸರಿಯಾಗಿ ಬರಬೇಕು, ಉಳಿದ ಹೊತ್ತು ಮಗು ಹೇಗೆ ಮಾತಾಡಿದರೂ ಸರಿ.

ಒಂದು ಮೆಟ್ಟಿಲಿನಲ್ಲಿ ಹತ್ತರಲ್ಲಿ ಎಂಟೊಂಬತ್ತು ಸಲ ಸರಿಬಂದರೆ ಮುಂದಿನದಕ್ಕೆ ಹೋಗಿ. ಐದು ಸಲ ಬಂದಿದೆ ಎಂದು ಮುಂದೆ ಓಡಿದರೆ ತಪ್ಪು ಸದ್ದನ್ನೂ ಅಷ್ಟೇ ಅಭ್ಯಾಸ ಮಾಡಿಸಿದಂತಾಯಿತು. ದಿನಕ್ಕೆ ಎರಡು ಸಲ ಹತ್ತು–ಹದಿನೈದು ನಿಮಿಷ ಕೂತರೆ ಸಾಕು. ಭಾನುವಾರ ಒಂದು ಗಂಟೆ ಕೂರಿಸಿ ವಾರವೆಲ್ಲ ಬಿಟ್ಟರೆ ಪ್ರಯೋಜನವಿಲ್ಲ. ಆ ಹೊತ್ತು ಆಟಿಕೆಗಳ ಜೊತೆ ಕಳೆದುಹೋಗದೆ, ಸರಿಯಾದ ಸದ್ದು ಆದಷ್ಟು ಹೆಚ್ಚು ಸಲ ಮಗುವಿನ ಬಾಯಿಂದ ಹೊರಡಬೇಕು.

‘ಪ’ ಕೂತ ಮೇಲೆ ಪಿಸುಮಾತಿನಿಂದ ಮೆಲ್ಲಗೆ ಧ್ವನಿ ಕೂಡಿಸುತ್ತ ‘ಬ’. ಆಮೇಲೆ ತ, ದ: ಕನ್ನಡದ ‘ತ’ದಲ್ಲಿ ನಾಲಿಗೆಯ ತುದಿ ಹಲ್ಲಿಗೆ ತಗಲುವುದರಿಂದ ಕನ್ನಡಿಯಲ್ಲಿ ತೋರಿಸಬಹುದು. ತಾತ, ಅತ್ತೆ, ಹತ್ತು, ತಲೆ, ಎತ್ತು. ನಂತರ ಟ, ಡ: ಊಟ, ಲೋಟ, ಹೊಟ್ಟೆ, ಇಡ್ಲಿ. ಕೊನೆಗೆ ಕ, ಗ: ಅಕ್ಕ, ಕಾಲು, ಅಕ್ಕಿ, ಹಗ್ಗ. ಪ್ರತಿ ಅಕ್ಷರಕ್ಕೂ ಅದೇ ಮೆಟ್ಟಿಲುಗಳು. ಆದರೆ ಮೊದಲನೆಯದು ತೆಗೆದುಕೊಂಡಷ್ಟು ಕಾಲ ಮುಂದಿನವು ತೆಗೆದುಕೊಳ್ಳುವುದಿಲ್ಲ. ಗಾಳಿ ಬಾಯಿಂದ ಹೋಗಬೇಕೆಂಬುದು ಒಮ್ಮೆ ಮಗುವಿಗೆ ಹೊಳೆದರೆ ಅರ್ಧ ಕೆಲಸ ಮುಗಿಯಿತು.

‘ಸ’ಕ್ಕೆ ಬೇರೆಯೇ ದಾರಿ

ಮೂಗಿನಿಂದ ‘ಸ’ ಹೇಳುವ ಮಗುವಿಗೆ ‘ಸ ಹೇಳು’ ಎಂದರೆ ಅದು ಮೂಗಿನಿಂದಲೇ ಹೇಳುತ್ತದೆ. ಅದರ ಮಟ್ಟಿಗೆ ‘ಸ’ ಎಂದರೆ ಅದೇ. ಆದ್ದರಿಂದ ಆ ಅಕ್ಷರದ ಹೆಸರನ್ನೇ ಎತ್ತಬೇಡಿ. ಮೇಲಿನ–ಕೆಳಗಿನ ಹಲ್ಲು ಮೆಲ್ಲಗೆ ಕೂಡಿಸಿಕೊಂಡು ‘ತ್’ ಹೇಳಲು ಹೇಳಿ. ಮತ್ತೆ ಮತ್ತೆ ‘ತ್ ತ್ ತ್’. ಈಗ ಕೊನೆಯ ‘ತ್’ ಅನ್ನು ಉದ್ದಕ್ಕೆ ಎಳೆಯಲಿ. ಹಲ್ಲಿನ ಸಂದಿಯಿಂದ ಹೊರಡುವ ಆ ಉದ್ದನೆಯ ಗಾಳಿಯೇ ‘ಸ್ಸ್ಸ್’. ಮುಂದಿನ ಹಲ್ಲುಗಳ ಎದುರಿಗೆ ಎಳನೀರು ಕುಡಿಯುವ ಸ್ಟ್ರಾ ಹಿಡಿದರೆ ಗಾಳಿ ಅದರೊಳಗೆ ಸುಯ್ಯೆಂದು ಕೇಳುತ್ತದೆ. ಇದಕ್ಕೆ ‘ಹಾವಿನ ಸದ್ದು’ ಎಂದೋ ‘ಕುಕ್ಕರ್ ಸದ್ದು’ ಎಂದೋ ಹೆಸರಿಡಿ. ಪದಗಳಿಗೆ ಬರುವವರೆಗೂ ಇದು ‘ಸ’ ಎಂದು ಮಗುವಿಗೆ ಗೊತ್ತಾಗುವುದೇ ಬೇಡ. ಆಮೇಲೆ ಹಸು, ಸಾರು, ಆಸೆ, ಹಸಿವು.

ಮುಂದಿನ ಹಲ್ಲುಗಳು ಸೊಟ್ಟಗಿದ್ದರೆ ಅಥವಾ ಕೆಳದವಡೆ ಮುಂದಿದ್ದರೆ ‘ಸ’ ಪೂರ್ತಿ ತಿಳಿಯಾಗದು. ಹಲ್ಲಿನ ಚಿಕಿತ್ಸೆ ಆಗುವವರೆಗೆ ಅಷ್ಟಕ್ಕೇ ತೃಪ್ತಿಪಡಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬಲೂನ್, ಪೀಪಿ, ಕೊಳಲು, ಮೇಣದ ಬತ್ತಿ. ಈ ಸಲಹೆ ನೆಂಟರಿಂದಷ್ಟೇ ಅಲ್ಲ, ಕೆಲವು ಕ್ಲಿನಿಕ್‌ಗಳಿಂದಲೂ ಬರುತ್ತದೆ ಎಂಬುದೇ ಬೇಸರ. ಊದಿದರೆ ಅಂಗುಳದ ಸ್ನಾಯು ಬಲಗೊಳ್ಳುತ್ತದೆ, ಬಲಗೊಂಡರೆ ಮಾತು ಸರಿಹೋಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಕೇಳಲು ಸರಿಯೆನಿಸುತ್ತದೆ. ಆದರೆ ಊದುವಾಗ ಅಂಗುಳ ಮುಚ್ಚಿಕೊಳ್ಳುವ ಬಗೆ ಬೇರೆ, ಮಾತಿನಲ್ಲಿ ಒಂದೊಂದು ಅಕ್ಷರಕ್ಕೂ ಕ್ಷಣಾರ್ಧದಲ್ಲಿ ಮುಚ್ಚಿ ತೆರೆಯುವ ಬಗೆ ಬೇರೆ. ಒಂದರ ಕಸರತ್ತು ಇನ್ನೊಂದಕ್ಕೆ ಹೋಗುವುದಿಲ್ಲ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಚೆನ್ನಾಗಿ ಬಲೂನ್ ಊದುವ ಮಗು ‘ಅಪ್ಪ’ ಎಂದು ಗಂಟಲಿನಲ್ಲೇ ಹೇಳುತ್ತಿರುತ್ತದೆ. ಜಾತ್ರೆಯಲ್ಲಿ ಪೀಪಿ ಕೊಡಿಸಿ, ಬೇಡವೆನ್ನುವುದಿಲ್ಲ. ಅದನ್ನು ಚಿಕಿತ್ಸೆಯೆಂದು ಲೆಕ್ಕಹಾಕಬೇಡಿ, ಅದಕ್ಕೆ ದುಡ್ಡು ಕೊಡಬೇಡಿ.

ಬಜೆ, ಜೇನುತುಪ್ಪ, ಅಂಗುಳದ ನೀವುವಿಕೆ. ಯಾವ ಲೇಪವೂ ಗಿಡ್ಡ ಅಂಗುಳವನ್ನು ಉದ್ದ ಮಾಡದು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದು ಅಪಾಯಕಾರಿ ಕೂಡ. ಅದರಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ನಾಲಿಗೆಯ ನರ ಕತ್ತರಿಸುವುದು. ‘ನಾಲಿಗೆ ಅಂಟಿದೆ, ಕೆಳಗೆ ಕತ್ತರಿಸಿದರೆ ಮಾತು ಬರುತ್ತದೆ’ ಎಂಬ ಮಾತು ಹಳೆಯದು. ಮೂಗಿನ ಧ್ವನಿಗೂ ಅದಕ್ಕೂ ಸಂಬಂಧವಿಲ್ಲ.

‘ಜೋರಾಗಿ ಹೇಳು’. ಜೋರು ಮಾಡಿದರೆ ಗಂಟಲು ಇನ್ನಷ್ಟು ಬಿಗಿಯುತ್ತದೆ, ದನಿ ಒಡೆಯುತ್ತದೆ. ಮೆತ್ತಗೆ ಹೇಳಿಸುವುದೇ ಸರಿ.

ಬೇಡಿದ್ದನ್ನು ತಡೆಹಿಡಿಯುವುದು. ‘ಬಿಸ್ಕತ್ತು ಎಂದು ಸರಿಯಾಗಿ ಹೇಳಿದರೆ ಮಾತ್ರ ಕೊಡುತ್ತೇನೆ’ ಎಂದರೆ ಮಗು ಕಲಿಯುವುದು ಬೆರಳು ಮಾಡಿ ತೋರಿಸುವುದನ್ನು. ಕೊಡಿ. ಕೊಡುತ್ತ ನೀವೊಮ್ಮೆ ಸರಿಯಾಗಿ ‘ಬಿಸ್ಕತ್ತು’ ಎನ್ನಿ.

ಮನೆಮಾತನ್ನೇ ತಪ್ಪೆನ್ನುವುದು. ಊರೆಲ್ಲ ‘ಸಾಲಿ’ ಅನ್ನುವಲ್ಲಿ ಮಗು ‘ಶಾಲೆ’ ಅನ್ನಲಿಲ್ಲ ಎಂದು ತಿದ್ದಬೇಡಿ. ‘ಹಾಲು’ ಎಂಬುದನ್ನು ‘ಆಲು’ ಅನ್ನುವ ಮನೆಯ ಮಗುವಿಗೂ ಇದೇ ಮಾತು. ಚಿಕಿತ್ಸಕರಿಗೆ ನಿಮ್ಮ ಮನೆಯ ಮಾತು ಹೇಗೆಂದು ಮೊದಲೇ ತಿಳಿಸಿ. ಕನ್ನಡದ ಮಗುವಿಗೆ ಇಂಗ್ಲಿಷ್ ಪದಗಳ ಪಟ್ಟಿ ಕೊಡುವುದೂ ಇಂಥದ್ದೇ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ. ‘ಕಪ್’, ‘ಬುಕ್’ ಎಂದು ವ್ಯಂಜನದಲ್ಲಿ ನಿಲ್ಲಿಸುವ ಕಷ್ಟ ಮೊದಲ ದಿನವೇ ಯಾಕೆ?

ಎಚ್ಚರಿಕೆಗಳು

ಕಿವಿಯನ್ನು ಮರೆಯಬೇಡಿ. ಮೂಗಿನ ಹಿಂಭಾಗವನ್ನೂ ನಡುಗಿವಿಯನ್ನೂ ಕೂಡಿಸುವ ನಾಳವನ್ನು ತೆರೆಯುವುದು ಅಂಗುಳದ ಸ್ನಾಯುವೇ. ಅದು ಸರಿಯಾಗಿ ಕೆಲಸ ಮಾಡದೆ ಸೀಳು ಅಂಗುಳದ ಬಹುಪಾಲು ಶಿಶುಗಳಲ್ಲಿ ನಡುಗಿವಿಯಲ್ಲಿ ದ್ರವ ನಿಲ್ಲುತ್ತದೆ. ನೋವಿಲ್ಲ, ಸೋರಿಕೆಯಿಲ್ಲ, ಆದ್ದರಿಂದ ಯಾರಿಗೂ ತಿಳಿಯದು. ಮಗುವಿಗೆ ಮಾತ್ರ ಎಲ್ಲವೂ ನೀರೊಳಗಿಂದ ಕೇಳಿದಂತೆ ಮಂದ. ‘ಪ’ ‘ತ’ಗಳ ವ್ಯತ್ಯಾಸವೇ ಕೇಳದ ಮಗುವಿಗೆ ಎಂಥ ಥೆರಪಿಯೂ ವ್ಯರ್ಥ. ಆರಂಭದಲ್ಲೇ ಶ್ರವಣ ಪರೀಕ್ಷೆ ಮಾಡಿಸಿ, ಮುಂದೆಯೂ ವೈದ್ಯರು ಹೇಳಿದಂತೆ ಮಾಡಿಸುತ್ತಿರಿ.

ಅಡಿನಾಯ್ಡ್ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಗಿಡ್ಡ ಅಂಗುಳದ ಮಕ್ಕಳಲ್ಲಿ ಮೂಗಿನ ಹಿಂದಿನ ಆ ಗಡ್ಡೆಯೇ ಬಾಗಿಲು ಮುಚ್ಚಲು ಆಸರೆಯಾಗಿರುತ್ತದೆ. ಗೊರಕೆಗೆಂದು ಅದನ್ನು ತೆಗೆಸಿದ ಮೇಲೆ ಚೆನ್ನಾಗಿದ್ದ ಮಾತು ಮೂಗಿಗೆ ಹೋದೀತು. ಯಾವ ಇಎನ್‌ಟಿ ವೈದ್ಯರ ಬಳಿ ಹೋದರೂ ಮೊದಲ ವಾಕ್ಯವೇ ‘ಮಗುವಿಗೆ ಸೀಳು ಅಂಗುಳ ಇತ್ತು’ ಎಂದಿರಲಿ. ಕವಲು ಕಿರುನಾಲಿಗೆ ಇದ್ದರೆ ಅದನ್ನೂ ಹೇಳಿ.

ಆಪರೇಷನ್ ನಂತರ ಅನ್ನವೋ ಹಾಲೋ ಮೂಗಿನಿಂದ ಬಂದರೆ ಅಂಗುಳದಲ್ಲಿ ಸಣ್ಣ ರಂಧ್ರ ಉಳಿದಿರಬಹುದು, ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಮೂಗಿನ ಸೋರಿಕೆ ತಡೆಯಲು ಎರಡನೆಯ ಶಸ್ತ್ರಚಿಕಿತ್ಸೆ ಆದವರು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತ ಉಸಿರು ಕಟ್ಟಿದಂತಾದರೆ ಅದನ್ನೂ ತಡಮಾಡದೆ ತಿಳಿಸಬೇಕು.

ವಯಸ್ಸು ಮೀರಿದೆಯೇ?

ಇಪ್ಪತ್ತರಲ್ಲೋ ಮೂವತ್ತರಲ್ಲೋ ಮೊದಲ ಸಲ ಅಂಗುಳದ ಆಪರೇಷನ್ ಮಾಡಿಸಿಕೊಳ್ಳುವವರು ಈಗಲೂ ಇದ್ದಾರೆ. ಅನ್ನ ನೀರು ಮೂಗಿಗೆ ಬರುವುದು ನಿಲ್ಲುತ್ತದೆ. ಮಾತು ತಾನಾಗಿ ಬದಲಾಗುವುದಿಲ್ಲ. ಅಷ್ಟು ವರ್ಷದ ರೂಢಿ. ಆದರೆ ದೊಡ್ಡವರಿಗೆ ಒಂದು ಅನುಕೂಲ: ಏನು ಮಾಡಬೇಕೆಂದು ಅರ್ಥವಾಗುತ್ತದೆ, ತಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಾವೇ ಕೇಳಬಲ್ಲರು. ಸ್ಟ್ರಾ ಒಂದರ ತುದಿಯನ್ನು ಮೂಗಿನ ಹೊಳ್ಳೆಗೂ ಇನ್ನೊಂದು ತುದಿಯನ್ನು ಕಿವಿಗೂ ಬಾಗಿಸಿ ಹಿಡಿದರೆ ಸೋರುವ ಗಾಳಿ ತಮಗೇ ಕೇಳಿಸುತ್ತದೆ. ಉಚ್ಚಾರ ಖಂಡಿತ ಸುಧಾರಿಸಬಹುದು. ಮೂಗಿನ ಧ್ವನಿ ಉಳಿದರೂ ಅಕ್ಷರಗಳು ಸ್ಪಷ್ಟವಾದರೆ ಬಸ್ ಕಂಡಕ್ಟರಿಗೂ ಫೋನಿನ ಆಚೆಯವರಿಗೂ ಹೇಳಿದ್ದು ತಿಳಿಯುತ್ತದೆ. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಹಲ್ಲಿನ ಸೆಟ್ಟಿನಂತೆ ತೊಡುವ ‘ಸ್ಪೀಚ್ ಬಲ್ಬ್’ ಎಂಬ ಸಾಧನವೂ ಇದೆ.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹಿರಿಯದು. ಮುಖ ಮತ್ತು ಬಾಯಿಯ ರಚನಾದೋಷವಿರುವವರಿಗೆ ಅಲ್ಲಿ ಪ್ರತ್ಯೇಕ ಘಟಕವಿದೆ. ದೂರದವರಿಗೆ ವಿಡಿಯೋ ಮೂಲಕ ಚಿಕಿತ್ಸೆ ಕೊಡುವ ವ್ಯವಸ್ಥೆಯೂ ಉಂಟು. ಧಾರವಾಡದ ಎಸ್‌ಡಿಎಂ ದಂತ ಕಾಲೇಜು, ಮಂಗಳೂರು ಬಳಿಯ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆ ಸೀಳು ತುಟಿ–ಅಂಗುಳದ ಶಸ್ತ್ರಚಿಕಿತ್ಸೆಗೆ ಹೆಸರಾದವು. ಸ್ಮೈಲ್ ಟ್ರೈನ್ ಸಂಸ್ಥೆಯ ಸಹಯೋಗವಿರುವ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಉಚಿತ. ಅಲ್ಲಿ ಮಾತಿನ ಚಿಕಿತ್ಸೆಯೂ ಸಿಗುತ್ತದೆಯೇ ಎಂದು ಕೇಳಲು ಮರೆಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುವ ವೈದ್ಯರ ಪಟ್ಟಿಯಲ್ಲಿ ಸೀಳು ತುಟಿ ಮತ್ತು ಅಂಗುಳವೂ ಸೇರಿದೆ. ಹಳ್ಳಿಯವರು ಆಶಾ ಕಾರ್ಯಕರ್ತೆಯ ಮೂಲಕ ಅಲ್ಲಿಂದಲೇ ಶುರುಮಾಡಬಹುದು. ಖಾಸಗಿ ಕ್ಲಿನಿಕ್‌ಗೆ ಹೋಗುವುದಾದರೆ ಅಲ್ಲಿನ ವಾಕ್ ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರೇ ಎಂದು ನೋಡಿ, ಸೀಳು ಅಂಗುಳದ ಮಕ್ಕಳಿಗೆ ಚಿಕಿತ್ಸೆ ಕೊಟ್ಟ ಅನುಭವ ಇದೆಯೇ ಎಂದು ಸಂಕೋಚಪಡದೆ ಕೇಳಿ.

ಶಾಲೆಯ ಟೀಚರಿಗೂ ಒಂದು ಮಾತು ಹೇಳಿಡಿ. ಹಾಜರಿಯ ಹೊತ್ತಿಗೆ ‘ಪ್ರೆಸೆಂಟ್ ಮಿಸ್’ ಎನ್ನಲು ಹೆದರುವ ಮಗು ಕೈಯೆತ್ತಿದರೆ ಸಾಕೆಂದು ಒಪ್ಪಿಸಿಕೊಳ್ಳಿ. ಪಾಠ ಗಟ್ಟಿಯಾಗಿ ಓದಿಸುವಾಗ ಒಂಟಿಯಾಗಿ ನಿಲ್ಲಿಸದೆ ಇನ್ನೊಬ್ಬರ ಜೊತೆ ಓದಿಸಲಿ. ಯಾವ ಅಕ್ಷರ ಸದ್ಯಕ್ಕೆ ಕಲಿಯುತ್ತಿದೆ ಎಂದು ಅವರಿಗೆ ಗೊತ್ತಿದ್ದರೆ ಅದು ಸರಿಯಾಗಿ ಬಂದ ದಿನ ಮೆಚ್ಚಿಕೊಳ್ಳುತ್ತಾರೆ.

ಮೊದಲ ಭೇಟಿಗೆ ಹೋಗುವಾಗ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಶ್ರವಣ ಪರೀಕ್ಷೆಯ ವರದಿ, ಮಗು ಮನೆಯಲ್ಲಿ ನಿರಾಳವಾಗಿ ಮಾತಾಡುತ್ತಿರುವ ಎರಡು ಮೂರು ನಿಮಿಷದ ವಿಡಿಯೋ ಇರಲಿ. ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡುವುದಿಲ್ಲ. ಹೊರಡುವ ಮುನ್ನ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಸೋರಿಕೆ ಎಷ್ಟು, ಅಭ್ಯಾಸ ಎಷ್ಟು? ಮೊದಲು ಹಿಡಿಯುವ ಅಕ್ಷರ ಯಾವುದು? ಎಷ್ಟು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ಮತ್ತೆ ಶಸ್ತ್ರಚಿಕಿತ್ಸಕರ ಹತ್ತಿರ ಹೋಗಬೇಕು? ಮೂರನೆಯದರ ಉತ್ತರವನ್ನು ಫೈಲಿನ ಮೇಲೆ ತಿಂಗಳ ಹೆಸರಿನೊಂದಿಗೆ ಬರೆಸಿಕೊಳ್ಳಿ.